ಕೆಂಪು ಬೊಟ್ಟಿಗೆ ಕಪ್ಪು ಬೊಟ್ಟು

ಮೊನ್ನೆ ಕಪಾಟು ಒರೆಸುವಾಗ ಹಳೆಯ ಕಾಡಿಗೆ ಡಬ್ಬಿ ಸಿಕ್ಕಿತು. ಮುಚ್ಚಳ ತೆಗೆದರೆ ಹರಳೆಣ್ಣೆಯ ವಾಸನೆ ಇನ್ನೂ ಇತ್ತು, ಜೊತೆಗೆ ನನ್ನ ಹಳೆಯ ಸಿಟ್ಟೂ.

ಮಗಳು ಹುಟ್ಟಿದ ಕೆಲವೇ ವಾರಗಳಲ್ಲಿ ಅವಳ ಎಡಗೆನ್ನೆಯ ಮೇಲೆ, ಕಣ್ಣಿನ ಕೆಳಗೇ, ಒಂದು ಕೆಂಪು ಚುಕ್ಕೆ ಎದ್ದಿತು. ಬನಶಂಕರಿಯಲ್ಲಿ ಮನೆ ಮಾಡಿದವರಿಗೆ ಮೊದಲು ಹೊಳೆಯುವುದು ಸೊಳ್ಳೆಯೇ. ನಾನೂ ಸೊಳ್ಳೆಯನ್ನೇ ಬೈದೆ. ಅದು ನೋಡನೋಡುತ್ತ ಉಬ್ಬಿ ಸ್ಟ್ರಾಬೆರಿಯಂತಾಯಿತು.

"ರಕ್ತನಾಳದ ಗಂಟು ಅಷ್ಟೇ, ಕ್ಯಾನ್ಸರ್ ಅಲ್ಲ," ಎಂದರು ಡಾಕ್ಟರು. "ತಾನಾಗೇ ಕುಗ್ಗುತ್ತೆ. ಆದ್ರೆ ಕಣ್ಣಿಗೆ ಹತ್ರ ಇದೆ, ಅದಕ್ಕೇ ಔಷಧಿ ಕೊಡೋಣ. ಹಾಲು ಕುಡಿಸದೆ ಮಾತ್ರ ಹಾಕ್ಬೇಡಿ." ಮಗುವಿನ ಹೃದಯ ಪರೀಕ್ಷೆ ಮಾಡಿಸಿಯೇ ಔಷಧಿ ಶುರು ಮಾಡಿದರು.

ಗಂಟಿಗೆ ಔಷಧಿ ಇತ್ತು, ಜನರ ಬಾಯಿಗೆ ಎಲ್ಲಿಂದ ತರುವುದು, ನೀವೇ ಹೇಳಿ. ಪಾರ್ಕಿನಲ್ಲಿ ಒಬ್ಬ ಆಂಟಿ ಕುಂಕುಮ ಮೆತ್ತಿದೆಯೆಂದು ಸೆರಗು ಒದ್ದೆ ಮಾಡಿಕೊಂಡು ಒರೆಸಿದರು. ಹೋಗಲಿಲ್ಲ.

"ಬಸುರಿಯಾಗಿದ್ದಾಗ ಗ್ರಹಣದ ದಿನ ಹೊರಗೆ ಬಂದಿದ್ರಾ?"

"ಹೂಂ ಆಂಟಿ, ಮಸಾಲೆ ದೋಸೆ ತಿನ್ನೋಕೆ."

ಬಂದಿರಲಿಲ್ಲ. ಬರಬೇಕಿತ್ತು ಎಂದು ಆಗ ಅನ್ನಿಸಿತು.

ತೊಟ್ಟಿಲ ಶಾಸ್ತ್ರದ ದಿನ ಅತ್ತೆ ಇದೇ ಡಬ್ಬಿ ಹಿಡಿದು ಬಂದರು. ಕೆಟ್ಟವರಲ್ಲ, ಮೊಮ್ಮಗಳೆಂದರೆ ಪ್ರಾಣ. "ದೃಷ್ಟಿಬೊಟ್ಟು ಎಲ್ಲಾದ್ರೂ ಇಡೋದೇ ತಾನೇ? ಅದರ ಮೇಲೇ ದೊಡ್ಡದಾಗಿ ಇಟ್ಬಿಡು. ಫೋಟೋಲಿ ಕಾಣಲ್ಲ."

"ದೃಷ್ಟಿ ಬೀಳೋದು ಚೆಂದಕ್ಕೆ ಅತ್ತೆ. ಅದೂ ಚೆಂದವೇ," ಎಂದು ಬಲಗೆನ್ನೆಗೆ ಇಟ್ಟೆ. ಫೋಟೋದವನಿಗೆ ಎಡಗಡೆಯಿಂದಲೇ ತೆಗೆಯಲು ಹೇಳಿದೆ. ನಾನು ಹಟ ಹಿಡಿದರೆ ಹಾಗೇ.

ಔಷಧಿ ಹಿಡಿಯಿತು. ಗಂಟು ಕುಗ್ಗಿತು, ಕೆಂಪು ಇಳಿಯಿತು. ಉಳಿದದ್ದು ಕಣ್ಣಿನ ಕೆಳಗೆ ಸ್ವಲ್ಪ ಸಡಿಲ ಚರ್ಮ. ಗೆದ್ದ ಪದಕವನ್ನು ತೋರಿಸುವಂತೆ ಬಂದವರಿಗೆಲ್ಲ ಅದನ್ನು ತೋರಿಸಿ ಕಥೆ ಹೇಳುತ್ತಿದ್ದೆ.

ಮೊನ್ನೆಯೂ ಡಬ್ಬಿ ಹಿಡಿದು ಅದೇ ಕಥೆ ಶುರು ಮಾಡಿದೆ. ಪಿಯುಸಿ ಓದುತ್ತಿರುವ ಮಗಳು ಪುಸ್ತಕ ಮುಚ್ಚಿದಳು.

"ಅಮ್ಮ, ಎಕ್ಸಾಮ್ ಮುಗಿದ್ಮೇಲೆ ಸ್ಕಿನ್ ಡಾಕ್ಟರ್ ಹತ್ರ ಹೋಗೋಣ. ಇದನ್ನ ಸರಿ ಮಾಡಿಸ್ಕೋಬೇಕು."

"ಯಾರೇನಂದ್ರು? ಹೆಸರು ಹೇಳು."

"ಯಾರೂ ಏನೂ ಅಂದಿಲ್ಲ. ನಂಗೆ ಇಷ್ಟ ಇಲ್ಲ, ಅಷ್ಟೇ. ಜಗಳ ಆಡಿದ್ದು ನೀನು, ಕೆನ್ನೆ ನಂದು."

ಇಷ್ಟು ವರ್ಷ ಊರಿನ ಬಾಯಿ ಮುಚ್ಚಿಸಿದವಳು ಡಬ್ಬಿಯ ಮುಚ್ಚಳ ಹಾಕಿದೆ. ಅಷ್ಟರಲ್ಲಿ ಅತ್ತೆ ಒಳಗಿನಿಂದ, "ದೇವರು ಕೊಟ್ಟಿದ್ದು, ಹಾಗೇ ಇರ್ಲಿ ಬಿಡೇ," ಎಂದರು. ಅದೇ ಅತ್ತೆ.

"ಅವಳ ಕೆನ್ನೆ, ಅವಳಿಷ್ಟ ಅತ್ತೆ," ಎಂದುಬಿಟ್ಟೆ. ಹೇಳಿದ ಮೇಲೆ ಗೊತ್ತಾಯಿತು, ಅದನ್ನು ನನಗೂ ಹೇಳಿಕೊಂಡಿದ್ದೆ ಎಂದು.

ಪರೀಕ್ಷೆ ಮುಗಿದ ವಾರವೇ ಕರೆದುಕೊಂಡು ಹೋಗುತ್ತೇನೆ. ಯಾಕೆ ತೆಗೆಸಿದಿರಿ ಎಂದು ಕೇಳುವವರು ಬರಲಿ, ಮನೆಯಲ್ಲೇ ಇರುತ್ತೇನೆ.