ಕ್ಯಾರಿಯರ್ ಇಲ್ಲದ ಸೈಕಲ್ಲು

ನಾನೇ ಖುದ್ದಾಗಿ ಅಂದ ನೋಡಿ ಆರಿಸಿದ್ದು ಜೀವನದಲ್ಲಿ ಒಂದೇ ಒಂದು, ನನ್ನ ಸೈಕಲ್ಲು. ಹೆಂಡತಿಯನ್ನು ಆರಿಸಿದ್ದು ನಮ್ಮಮ್ಮ, ಹಾಗಾಗಿ ಆ ಆಯ್ಕೆ ಚೆನ್ನಾಗಿತ್ತು.

ಎಂಬತ್ತರ ದಶಕದ ಮಾತು. ವಿಜಯನಗರದಲ್ಲಿ ಮನೆ, ಕಾಮಾಕ್ಷಿಪಾಳ್ಯದಲ್ಲಿ ನನ್ನ ಗುಮಾಸ್ತಗಿರಿ. ನನ್ನಾಕೆ ಸರೋಜ ಸುಂಕದಕಟ್ಟೆಯಾಚೆಯ ಒಂದು ಹಳ್ಳಿಯಲ್ಲಿ ಟೀಚರ್. ಬಸ್ಸು ಸುಂಕದಕಟ್ಟೆಯಲ್ಲಿ ಅವಳನ್ನು ಇಳಿಸಿ ಕೈತೊಳೆದುಕೊಳ್ಳುತ್ತಿತ್ತು. ಮುಂದೆ ಒಂದೂವರೆ ಮೈಲಿ ಬರೀ ಜಲ್ಲಿ. ನಾನು ಮನೆಯಿಂದ ಸೈಕಲ್ಲಲ್ಲಿ ಬಸ್‌ಸ್ಟಾಪಿಗೆ ಬಂದು, ಅಲ್ಲಿಂದ ಅಷ್ಟು ದೂರ ಅವಳನ್ನು ಕೂರಿಸಿಕೊಂಡು ಹೋಗಿ ಬಿಡುತ್ತೇನೆ ಎಂದು ಮಾತು ಕೊಟ್ಟಿದ್ದೆ; ಸೈಕಲ್ಲು ಬೇಕಾಗಿದ್ದು ಅದಕ್ಕೇ. ಟಾರಿಗೂ ಆಗಬೇಕು, ಜಲ್ಲಿಗೂ ಆಗಬೇಕು.

ಅಂಗಡಿಯ ರಾಮಣ್ಣ, ಹಾಲಿನವರು ತುಳಿಯುತ್ತಾರಲ್ಲ, ಅಂಥ ಕಪ್ಪು ಸೈಕಲ್ಲು ತೋರಿಸಿದ. "ದಪ್ಪ ಟೈರು ಸಾರ್, ಗಟ್ಟಿ ಕ್ಯಾರಿಯರ್ರು. ಎಲ್ಲಿಗೆ ಬೇಕಾದ್ರೂ ಹೋಗುತ್ತೆ." ನನ್ನ ಕಣ್ಣು ಹೋದದ್ದು ಪಕ್ಕದಲ್ಲಿದ್ದ ಕೆಂಪು ಸೈಕಲ್ಲಿನ ಮೇಲೆ. ತೆಳ್ಳನೆ ಟೈರು, ಬಾಗಿದ ಹ್ಯಾಂಡಲ್ಲು. ಮೂವತ್ತಾರನೇ ವಯಸ್ಸಿನಲ್ಲಿ ಮತ್ತೆ ಕಾಲೇಜು ಹುಡುಗನಾಗುವ ಚಪಲ! "ಇದಕ್ಕೂ ಕ್ಯಾರಿಯರ್ ಹಾಕ್ಕೊಡ್ತೀನಿ" ಅಂದ. "ಬೇಡಪ್ಪ, ಅಂದ ಕೆಡುತ್ತೆ" ಅಂದೆ. ಮನೆಗೆ ಬಂದು, "ಈ ಮಾಡೆಲ್ಲಿಗೆ ಕ್ಯಾರಿಯರ್ ಕೂರಲ್ವಂತೆ ಕಣೇ" ಅಂದೆ. ಸುಳ್ಳು ಎಷ್ಟು ಸಲೀಸಾಗಿ ಬಂತು ಅಂತೀರಿ! ಟಾರಿನ ಮೇಲೆ ಸೈಕಲ್ಲೂ ಅಷ್ಟು ಸಲೀಸಾಗಿ ಓಡುತ್ತಿರಲಿಲ್ಲ.

ಟೀಚರಮ್ಮ ಮುಂದಿನ ಬಾರಿನ ಮೇಲೆ ಕೂತು ಹೋದರೆ ಮಕ್ಕಳು ಪಾಠ ಕೇಳುತ್ತವೆಯೇ? ಅವಳು ನಡೆದಳು. ಕೊಟ್ಟ ಮಾತಿಗೆ ನಾನೂ ಜೊತೆಗೆ ಹೋಗುತ್ತಿದ್ದೆ. ಆದರೆ ನಿಧಾನಕ್ಕೆ ತುಳಿದರೆ ಆ ತೆಳು ಟೈರು ಜಲ್ಲಿಯಲ್ಲಿ ವಾಲಾಡುತ್ತಿತ್ತು. ಅದಕ್ಕೆ ಸರ್ರನೆ ಮುಂದೆ ಹೋಗಿ, ನೆರಳಲ್ಲಿ ನಿಂತು ಕಾಯುತ್ತಿದ್ದೆ. ಅವಳು ಚಪ್ಪಲಿಯ ಕಲ್ಲು ಕೊಡವುತ್ತಾ ಬಂದು ಸೇರುವಾಗ ನಾನು ಗಡಿಯಾರ ನೋಡಿಕೊಳ್ಳುತ್ತಿದ್ದೆ. ಇದನ್ನು ಬರೆಯುವಾಗ ಈಗಲೂ ಮುಖ ಬಿಸಿಯಾಗುತ್ತದೆ.

ಒಂದು ಭಾನುವಾರ ಇಬ್ಬರೂ ಮಾರ್ಕೆಟ್ಟಿಗೆ ಹೊರಟಿದ್ದೆವು. ದಾರಿಯಲ್ಲಿ ಪಂಕ್ಚರ್ ಹಾಕಿಸಲು ರಾಮಣ್ಣನ ಅಂಗಡಿಯಲ್ಲಿ ನಿಂತೆವು. ಪುಣ್ಯಾತ್ಮ ಟ್ಯೂಬು ನೀರಿಗೆ ಅದ್ದುತ್ತಾ ಶುರು ಮಾಡಿದ: "ನೀವಾದ್ರೂ ಹೇಳಿ ಅಮ್ಮ. ಕ್ಯಾರಿಯರ್ ಹಾಕ್ಕೊಡ್ತೀನಿ ಅಂದ್ರೆ ಸಾರ್ ಅಂದ ಕೆಡುತ್ತೆ ಅಂದ್ಬಿಟ್ರು!"

ನಾನು ಬಕೆಟ್ಟಿನ ಗುಳ್ಳೆಗಳನ್ನು ಎಂದೂ ಕಾಣದವನ ಹಾಗೆ ನೋಡುತ್ತಾ ನಿಂತೆ. ಸರೋಜ "ಹೌದಾ?" ಅಂದಳು, ಅಷ್ಟೇ. ನಾಲ್ಕು ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. "ಹಾಕು ರಾಮಣ್ಣ, ಈಗ್ಲೇ ಹಾಕು" ಅಂದೆ.

ಸೋಮವಾರ ಸುಂಕದಕಟ್ಟೆಯಲ್ಲಿ ಬಸ್ಸಿಳಿದವಳಿಗೆ "ಕೂತ್ಕೊಳ್ಳೇ" ಅಂದೆ. ಅವಳು ನೋಟ್‌ಬುಕ್ಕಿನ ಚೀಲವನ್ನು ಕ್ಯಾರಿಯರಿಗೆ ಸಿಕ್ಕಿಸಿದಳು. "ಇದನ್ನ ತಗೊಂಡು ಬನ್ನಿ ಸಾಕು. ನಂಗೆ ನಡೆದು ಅಭ್ಯಾಸ ಆಗಿದೆ ಕಣ್ರೀ."

ಇನ್ನು ಹತ್ತುವ ಮುಖ ಎಲ್ಲಿದೆ? ಹ್ಯಾಂಡಲ್ಲು ಹಿಡಿದು ಪಕ್ಕದಲ್ಲೇ ನಡೆದೆ. ಬಿಸಿಲು, ಬೆವರು, ಕಾಲಡಿ ಕಲ್ಲು. ಕಾಲು ಗಂಟೆಯಾದ ಮೇಲೆ ತಡೆಯಲಾಗದೆ, "ಸ್ಕೂಲು ಇನ್ನೂ ಎಷ್ಟು ದೂರ ಇದೆಯೇ?" ಅಂದೆ.

ಒಂದು ತಿಂಗಳಿಂದ ದಿನಾ ಓಡಾಡಿದ ದಾರಿಯ ಉದ್ದವನ್ನು ಅವಳ ಹತ್ತಿರ ಕೇಳುತ್ತಿದ್ದೇನೆ ಎಂದು ಹೊಳೆದದ್ದು ಬಾಯಿಂದ ಮಾತು ಹೊರಟ ಮೇಲೆ.