ನೆಲಕ್ಕೆ ಬಿಟ್ಟ ಬಾಲ

ಚಿಕ್ಕಬಳ್ಳಾಪುರದ ನಮ್ಮ ಬಡಾವಣೆಯ ಪಾರ್ಕಿನಲ್ಲಿ ನಿಂತಿರುವ ಸಿಮೆಂಟಿನ ಡೈನೋಸಾರ್‌ಗೆ ಮೈಯೆಲ್ಲ ಗಿಣಿಹಸಿರು ಬಣ್ಣವಿದ್ದರೂ, ಬಾಲದ ಮೇಲ್ಭಾಗ ಮಾತ್ರ ಬಣ್ಣ ಕಳೆದುಕೊಂಡು ಹಳೆಯ ಒರಳುಕಲ್ಲಿನಂತೆ ನುಣ್ಣಗೆ ಹೊಳೆಯುತ್ತದೆ. ಬೆಳಗಿನ ವಾಕಿಂಗಿನಲ್ಲಿ ಈ ಹೊಳಪನ್ನು ದಿನವೂ ನೋಡುತ್ತಿದ್ದ ನಾನು ಅದರ ಕಾರಣವನ್ನು ಒಮ್ಮೆಯೂ ವಿಚಾರಿಸಲಿಲ್ಲ. ಜೀವನವಿಡೀ ಜೀವಶಾಸ್ತ್ರದ ಉತ್ತರಪತ್ರಿಕೆಗಳನ್ನು ತಿದ್ದಿ ನಿವೃತ್ತನಾದವನಿಗೆ ತಪ್ಪು ಕಂಡಷ್ಟು ಬೇಗ ಬೇರೇನೂ ಕಾಣುವುದಿಲ್ಲ, ನೋಡಿ.

ತಪ್ಪು ಇದ್ದದ್ದು ಆ ಬಾಲದಲ್ಲೇ. ಎರಡು ಕಾಲಿನ ಈ ಮಾಂಸಾಹಾರಿ ಮಹಾಶಯರು ಬಾಲವನ್ನು ನೆಲದ ಮೇಲೆ ಎಳೆದುಕೊಂಡು ನಡೆಯುತ್ತಿರಲಿಲ್ಲ. ಮುಂದೆ ತಲೆ, ಹಿಂದೆ ಬಾಲ, ನಡುವೆ ಸೊಂಟವೆಂಬಂತೆ ತಕ್ಕಡಿಯ ಹಾಗೆ ಸಮತೋಲದಲ್ಲಿ ಓಡಾಡುತ್ತಿದ್ದರೆಂದು ವಿಜ್ಞಾನ ಎಂದೋ ನಿರ್ಣಯಿಸಿದೆ. ನಮ್ಮ ಪಾರ್ಕಿನದೋ, ಊಟ ಮುಗಿಸಿ ಗೋಡೆಗೊರಗಿದ ಬೀಗರಂತೆ ನೆಟ್ಟಗೆ ನಿಂತು, ಬಾಲವನ್ನು ಹಿಂದಕ್ಕೆ ಇಳಿಬಿಟ್ಟಿದೆ. ಎರಡು ವರ್ಷದ ಹಿಂದೆ ನಾನು ಪಾರ್ಕು ಸಮಿತಿಗೆ ನಾಲ್ಕು ಪುಟದ ಪತ್ರ ಬರೆದು, ಇದರ ಭಂಗಿ ಅವೈಜ್ಞಾನಿಕ, ಇದರ ಬಂಧುಗಳಲ್ಲಿ ಹಲವಕ್ಕೆ ಗರಿಗಳಿದ್ದವು, ಇಂಥ ವಿಗ್ರಹದಿಂದ ಎಳೆಯರ ಬುದ್ಧಿ ದಾರಿ ತಪ್ಪುತ್ತದೆ ಎಂದೆಲ್ಲ ವಾದಿಸಿದ್ದೆ. ಉತ್ತರ ಬರಲಿಲ್ಲ. ಬರೆದ ಸಂತೋಷವೇ ನನಗೆ ಸಾಕಾಗಿತ್ತು.

ಹಾಗೆ ನೋಡಿದರೆ ಈ ಪ್ರಾಣಿ ನಶಿಸಿತೆಂಬುದೇ ನನಗೆ ಅನುಮಾನ. ನಮ್ಮ ಸಂತೆಬೀದಿಯಲ್ಲಿ ಅರ್ಧ ಗಂಟೆ ನಿಂತರೆ ಹಸುಗಳಿಗಿಂತ ಹೆಚ್ಚು ಡೈನೋಸಾರ್‌ಗಳು ಟೀ ಶರ್ಟಿನ ಮೇಲೆ, ಸ್ಕೂಲ್ ಬ್ಯಾಗಿನ ಮೇಲೆ, ಹುಟ್ಟುಹಬ್ಬದ ಕೇಕಿನ ಮೇಲೆ ಹಾದುಹೋಗುತ್ತವೆ. ಆದರೆ ನಿಜವಾದ ಒಂದು ಎಲುಬಿನ ಚೂರೂ ಇಲ್ಲಿ ಸಿಗಲಾರದು. ನಮ್ಮ ಬೆಟ್ಟಗಳ ಕಲ್ಲು ಡೈನೋಸಾರ್‌ಗಳು ಹುಟ್ಟುವ ಹೊತ್ತಿಗೇ ಮುದಿಯಾಗಿತ್ತು. ಅದರ ಹೊಟ್ಟೆಯಲ್ಲಿ ಅವುಗಳ ಗುರುತಿಗೆ ಜಾಗವಿಲ್ಲ. ನಮ್ಮ ಪಾಲಿಗೆ ಬಂದದ್ದು ಈ ಸಿಮೆಂಟಿನದೊಂದೇ.

ಹೋದ ತಿಂಗಳು ಸಮಿತಿಯ ಸಭೆಯಲ್ಲಿ ಕಾರ್ಯದರ್ಶಿಗಳು ಡೈನೋಸಾರನ್ನು ಒಡೆದು ಅಲ್ಲಿ ದೊಡ್ಡವರಿಗೆ ಕಸರತ್ತಿನ ಸಲಕರಣೆ ಹಾಕಿಸುವ ಪ್ರಸ್ತಾಪ ಮಂಡಿಸಿದರು. ಯಾರೋ ಗೊಣಗಿದ್ದಕ್ಕೆ ಅವರು ಫೈಲಿನಿಂದ ನನ್ನ ಪತ್ರ ತೆಗೆದು, "ನೋಡ್ರಪ್ಪ, ಸೈನ್ಸ್ ಮೇಷ್ಟ್ರೇ ಬರ್ಕೊಟ್ಟವ್ರೆ, ಇದು ಪೂರ್ತಿ ತಪ್ಪು ಅಂತ" ಎಂದು ಎತ್ತಿ ಹಿಡಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಬದುಕಿನಲ್ಲಿ ನನ್ನ ಬರಹಕ್ಕೆ ಬಿದ್ದ ಮೊದಲ ಚಪ್ಪಾಳೆ ಅದು. ಅದನ್ನು ಪೂರ್ತಿ ಕೇಳಿಸಿಕೊಳ್ಳದೆ ನಾನು ಎದ್ದು ಹೊರಬಂದೆ.

ಮರುದಿನ ಬಸ್ಸು ಹತ್ತಿ ಪೆರೇಸಂದ್ರಕ್ಕೆ ಹೋದೆ. ಆ ಮೂರ್ತಿಯನ್ನು ಮಾಡಿದ ಗಾರೆ ಮೇಸ್ತ್ರಿ ಮುನಿವೆಂಕಟಪ್ಪನವರು ಅಲ್ಲೇ ಇದ್ದಾರೆ. ಗುಡಿಗೋಪುರಗಳ ಮೇಲೆ ದ್ವಾರಪಾಲಕರನ್ನು ನಿಲ್ಲಿಸಿದ ಕೈ. ಅಂಗಳದಲ್ಲಿ ಕುಳಿತಿದ್ದ ಅವರಿಗೆ ವಿಷಯ ತಿಳಿಸಿ, ಅಪರಾಧಿಯ ದನಿಯಲ್ಲಿ, ಬಾಲವನ್ನು ಯಾಕೆ ಹಾಗೆ ಮಾಡಿದಿರೆಂದು ಕೇಳಿದೆ.

"ಕಾಲು ನೋಡಿದ್ರಾ ಸಾಮಿ?" ಎಂದರು. "ನಮ್ಮ ನಾಟಿ ಹುಂಜನ್ನ ಹಿಡಿದು ನೋಡ್ಕೊಂಡು ಮಾಡ್ದೆ. ಬಾಲ ಎತ್ತಿ ಮಾಡೋದು ನಂಗೆ ಬರಲ್ವಾ? ಎತ್ತಿದ್ರೆ ಮಕ್ಳು ಎಲ್ಲಿಂದ ಹತ್ತಬೇಕು, ಎಲ್ಲಿ ಜಾರಬೇಕು? ಅಂತೇ ಕದಾ, ಅಷ್ಟೇ ಅಲ್ವಾ!"

ಊರಿಗೆ ಮರಳಿ ನೋಡಿದರೆ, ಮೂರು ಬೆರಳಿನ ಆ ಪಾದಗಳು ಶಾಸ್ತ್ರಶುದ್ಧವಾಗಿದ್ದವು. ಕೋಳಿ ಡೈನೋಸಾರಿನ ವಂಶದ್ದೆಂದು ವರ್ಷವರ್ಷವೂ ಬಾಯಿಪಾಠ ಒಪ್ಪಿಸಿದ ನಾನು, ಬಾಲ ನೋಡುವ ಭರದಲ್ಲಿ ಅವನ್ನು ನೋಡಿಯೇ ಇರಲಿಲ್ಲ. ಮಕ್ಕಳು ಬರುವುದು ಸಂಜೆ, ನಾನು ಹೋಗುವುದು ಬೆಳಗ್ಗೆ. ಹಾಗಾಗಿ ಆ ಹೊಳಪಿನ ಮರ್ಮವೂ ತಿಳಿದಿರಲಿಲ್ಲ. ನಾಚಿಕೆಯಾಯಿತು. ಆಮೇಲೆ ಸಿಟ್ಟು ಬಂತು. ಒಂದು ಕಾಲಕ್ಕೆ ವಿಜ್ಞಾನಿಗಳೇ ಬಾಲವನ್ನು ನೆಲಕ್ಕೆ ಬಿಟ್ಟು ಎಲುಬು ಜೋಡಿಸಿದ್ದರಲ್ಲ, ತಪ್ಪಿದವರನ್ನೆಲ್ಲ ಒಡೆಯುತ್ತ ಹೋಗಿದ್ದರೆ ವಿಜ್ಞಾನವಾದರೂ ಎಲ್ಲಿ ಉಳಿಯುತ್ತಿತ್ತು?

ಒಡೆಯಲೆಂದು ಗೊತ್ತುಮಾಡಿದ್ದ ಭಾನುವಾರ ಬೆಳಗ್ಗೆ ಸುತ್ತಿಗೆ ಹಿಡಿದವರು ಬರುವ ಮೊದಲೇ ನಾನು ಹೋಗಿ ಬಾಲದ ನಡುವಿನಲ್ಲಿ, ಅಂದರೆ ನನ್ನ ಎದೆಯೆತ್ತರದಲ್ಲಿ, ಹತ್ತಿ ಕುಳಿತೆ. ಹೇಗೆ ಹತ್ತಿದೆನೆಂಬುದನ್ನು ನನ್ನ ಮಂಡಿಗಳು ಇಂದಿಗೂ ವಿವರಿಸುತ್ತಿವೆ. ಕಾರ್ಯದರ್ಶಿಗಳು ಓಡಿ ಬಂದು, "ಇಳೀರಿ ಸಾರ್, ನೀವೇ ತಾನೆ ಬರ್ದಿದ್ದು?" ಎಂದರು.

"ಬರ್ದಿದ್ದು ನಾನೇ ಕಣಪ್ಪ. ತಪ್ಪು ಅಂತ ಬರ್ದೆ. ಒಡೀರಿ ಅಂತ ಬರೀಲಿಲ್ಲ" ಎಂದೆ. ಇಳಿಯುವುದಿಲ್ಲ ಎಂದೂ ಹೇಳಿದೆ. ತರಗತಿಯಲ್ಲೂ ನನ್ನ ದನಿ ಅಷ್ಟು ಗಟ್ಟಿಯಾಗಿ ಹೊರಟದ್ದಿಲ್ಲ.

ಗಲಾಟೆ ಕೇಳಿ ಮಕ್ಕಳು ಬಂದು ನನ್ನ ಹಿಂದೆ ಸಾಲಾಗಿ ಹತ್ತಿ ಕುಳಿತವು. ಎದುರುಮನೆಯ ರೇಷ್ಮೆ ವ್ಯಾಪಾರಿಯ ಮೊಮ್ಮಗಳು ಶಾಹಿನಾ, ಆರು ವರ್ಷದವಳು, ನನ್ನ ಬೆನ್ನಿಗೇ ಇದ್ದಳು. ನಮ್ಮ ಚಳವಳಿಯ ಗಾಂಭೀರ್ಯ ಅವಳಿಗೆ ತಿಳಿಯಲಿಲ್ಲ. "ಜರುಗಿ ತಾತಾ, ನಾನು ಜಾರ್ಬೇಕು" ಎಂದು ಎರಡು ಕೈಯಿಂದ ತಳ್ಳಿಯೇಬಿಟ್ಟಳು. ಅರವತ್ತೆರಡನೆಯ ವಯಸ್ಸಿನಲ್ಲಿ ನಾನು ಸರ್ರನೆ ಜಾರಿ ಕಾರ್ಯದರ್ಶಿಗಳ ಪಾದದ ಬಳಿ ಕುಳಿತೆ. ಸುತ್ತಿಗೆಯವರು ಮೊದಲು ನಕ್ಕರು, ಆಮೇಲೆ ಕಾರ್ಯದರ್ಶಿಗಳೂ ನಕ್ಕರು. ನಾನೆದ್ದು ಧೂಳು ಕೊಡವಿಕೊಂಡು, ಮತ್ತೆ ಹೋಗಿ ಹತ್ತಿದೆ.

ಡೈನೋಸಾರ್ ಉಳಿಯಿತು, ಕಸರತ್ತಿನ ಸಲಕರಣೆಗಳು ಈಗ ಪಾರ್ಕಿನ ಇನ್ನೊಂದು ಮೂಲೆಗೆ ಬಂದಿವೆ. ತಪ್ಪನ್ನು ಉಳಿಸಿಕೊಂಡ ಮೇಲೆ ತಪ್ಪೆಂದು ಹೇಳುವ ಹೊಣೆಯೂ ನನ್ನದೆಂದು ಸಮಿತಿ ಹೇಳಿದ್ದರಿಂದ ನಾನೇ ಒಂದು ಫಲಕ ಬರೆದು ನೆಡಿಸಿದ್ದೇನೆ. ನಾಲ್ಕು ಪುಟವಲ್ಲ, ಎರಡೇ ಸಾಲು: 'ಈ ಡೈನೋಸಾರ್‌ನ ಕಾಲು ಸರಿ, ಬಾಲ ತಪ್ಪು. ಜಾರಲು ಅಡ್ಡಿಯಿಲ್ಲ.' ವಾಕಿಂಗನ್ನು ಸಂಜೆಗೆ ಬದಲಿಸಿಕೊಂಡಿದ್ದೇನೆ. ಬಾಲ ಈಗ ಮೊದಲಿಗಿಂತ ಹೆಚ್ಚು ಹೊಳೆಯುತ್ತಿದೆ, ಮತ್ತು ಆ ಹೊಳಪಿನಲ್ಲಿ ನನ್ನ ಹರಿದ ಪ್ಯಾಂಟಿನ ಪಾಲೂ ಇದೆ.