ಹಂದಿಯ ತಲೆಯಲ್ಲಿದ್ದ ಸೀಸದ ಗುಂಡು

ಭಾವ, ಆ ಹಂದಿಯನ್ನು ಕೆಡವಿದ್ದು ನೀವೇ. ಅದು ನನಗೆ ಅಂದೇ ಗೊತ್ತಾಗಿತ್ತು. ಗೊತ್ತಿದ್ದೂ ಬಾಯಿ ಬಿಡಲಿಲ್ಲ — ಇಷ್ಟು ವರ್ಷ.

ನಿಮ್ಮ ಚಿಕ್ಕಪ್ಪನ ಮಗ, ನಮ್ಮ ಯಜಮಾನರು, ತೋಟ ಮಾರಿ ಸೀಮೆಗೆ ಹೊರಟಿದ್ದ ಬಿಳಿ ದೊರೆಯೊಬ್ಬರಿಂದ ಆ ರೈಫಲ್ ಕೊಂಡ ವರ್ಷ ಅದು. ಒಂದು ಗುಂಡು ಹಾರಿದೊಡನೆ ತಾನೇ ಇನ್ನೊಂದನ್ನು ತುಂಬಿಕೊಳ್ಳುವ ಕೋವಿ. ಗೋಣಿಬೀಡಿನ ಸುತ್ತ ಬೇರೆ ಯಾರ ಮನೆಯಲ್ಲೂ ಇರಲಿಲ್ಲ. ಕಾಫಿ ಒಣಗಿಸುವ ಕಣದ ಅಂಚಿಗೆ ಬಿಸ್ಕತ್ತಿನ ಡಬ್ಬಿ ಇಟ್ಟು ನನ್ನಿಂದಲೂ ಹೊಡೆಸಿದರು. ಹೆಗಲು ವಾರವೆಲ್ಲ ನೊಂದಿತು. ಅದರ ಗುಂಡು ಹೇಗಿರುತ್ತದೆಂದು ನನಗೆ ಚೆನ್ನಾಗಿ ಗೊತ್ತು — ಉದ್ದಕ್ಕೆ, ತಾಮ್ರದ ಹೊದಿಕೆಯದು. ನಿಮ್ಮದು ಮದ್ದು ಜಡಿದು ತುಂಬುವ ಕೇಪಿನ ಕೋವಿ. ಸೀಸ ಕರಗಿಸಿ ನೀವೇ ಎರೆದ, ಗೋಲಿಯಂಥ ಗುಂಡು.

ಅಂದು ಬೇಟೆಯಲ್ಲಿ ಇಬ್ಬರೂ ಒಟ್ಟಿಗೇ ಹೊಡೆದಿರಂತೆ. ರೈಫಲ್ಲಿನ ಸದ್ದಿನಲ್ಲಿ ನಿಮ್ಮ ಕೋವಿಯ ಸದ್ದು ಯಾರಿಗೂ ಬೇರೆಯಾಗಿ ಕೇಳಿಸಲಿಲ್ಲ. ಕೆಡವಿದವನಿಗೆ ತಲೆ ಎಂಬುದು ನಮ್ಮ ಬೇಟೆಯ ಕಟ್ಟಳೆ. ಅಂಗಳದಲ್ಲಿ ಹಂದಿಯನ್ನು ಹೊರಳಿಸಿದಾಗ ಹೊಟ್ಟೆಯಲ್ಲಿ ರೈಫಲ್ಲಿನ ಎರಡು ತೂತು ಕಂಡವು. ಬಿದ್ದದ್ದು ನನ್ನ ಗುಂಡಿಗೆ ಎಂದು ನೀವು ಹೇಳಿದರೂ, ಕಿವಿಯ ಹಿಂದೆ ಕೆಸರು ಮೆತ್ತಿದ ಕೂದಲನ್ನು ಯಾರೂ ಸರಿಸಿ ನೋಡಲಿಲ್ಲ.

“ಅಣ್ಣಯ್ಯ, ನೀವು ಮದ್ದು ಜಡಿಯೋ ಹೊತ್ತಿಗೆ ಹಂದಿಗೆ ಮೊಮ್ಮಕ್ಕಳಾಗ್ತವೆ!” ಎಂದರು ನಮ್ಮವರು. ಎಲ್ಲರೂ ನಕ್ಕರು.

“ತಲೆ ನೀನೇ ಇಟ್ಕೊ ಮಾರಾಯ. ನಾನು ಸುಳ್ಳು ಹೇಳ್ತೀನಿ ಅಂತ ಮಾತ್ರ ಅನ್ಬೇಡ,” ಎಂದಿರಿ ನೀವು.

“ಮತ್ತೆ ನಿಮ್ಮ ಗುಂಡೆಲ್ಲಿ? ಮರ ಹತ್ತಿತಾ?”

ತಲೆ ನಮ್ಮ ಅಡುಗೆಮನೆಗೆ ಬಂತು. ಆಳು ಅದನ್ನು ಸುಟ್ಟು, ಹೆರೆದು, ಸೀಳಿಕೊಟ್ಟು ಹೋದ. ತೊಳೆಯುವಾಗ ಕಿವಿಯ ಹಿಂದಿನ ಮೂಳೆಯಲ್ಲಿ ಏನೋ ಬೆರಳಿಗೆ ತಾಕಿತು. ಸೀಸ. ಒಂದು ಬದಿ ಚಪ್ಪಟೆಯಾಗಿತ್ತು, ಇನ್ನೊಂದು ಬದಿಯಲ್ಲಿ ಅಚ್ಚಿನ ಗೆರೆ ಹಾಗೇ ಉಳಿದಿತ್ತು. ನೀವಿನ್ನೂ ಅಂಗಳದಲ್ಲೇ ಚಪ್ಪಲಿ ಹುಡುಕುತ್ತಿದ್ದಿರಿ. ಒಂದು ಮಾತು ಕೂಗಿದ್ದರೆ ಸಾಕಿತ್ತು. ಆದರೆ ಹೊರಗೆ ನಮ್ಮವರು ಅಷ್ಟು ಸಂತೋಷದಲ್ಲಿ ನಗುತ್ತಿದ್ದರು — ಆ ನಗು ನಿಲ್ಲುವುದು ನನಗೆ ಬೇಕಿರಲಿಲ್ಲ... ಗುಂಡನ್ನು ಸೆರಗಿಗೆ ಕಟ್ಟಿಕೊಂಡೆ. ಮಾರನೆಯ ದಿನ ಕಾಫಿ ಹಣ್ಣಿನ ಸಿಪ್ಪೆ ಸುರಿಯುವ ಗುಂಡಿಗೆ ಎಸೆದೆ.

ಆಮೇಲೆ ನಿಮ್ಮನ್ನು ಬೇಟೆಗೆ ಯಾರೂ ಕರೆಯಲಿಲ್ಲ. ಮದುವೆಮನೆಯ ಪಂಕ್ತಿಯಲ್ಲೂ, “ಗೌಡ್ರೆ, ಮರ ಹತ್ತಿದ ಗುಂಡು ಇಳೀತಾ?” ಎಂದು ಕೇಳುವವರಿದ್ದರು. ನೀವು ಕೋವಿಯನ್ನೇ ಮಾರಿಬಿಟ್ಟಿರಿ. ನನ್ನನ್ನು ಕಂಡಾಗ ಮಾತ್ರ ಎಂದಿನಂತೆ, “ಚೆನ್ನಾಗಿದ್ದೀಯೇನಮ್ಮ?” ಎನ್ನುತ್ತಿದ್ದಿರಿ. ಚೆನ್ನಾಗಿದ್ದೇನೆ ಎಂದು ನಿಮಗೆ ಕಾಫಿ ಕೊಡುತ್ತಿದ್ದೆ. ಹೇಗೆ ಕೊಟ್ಟೆನೋ —

ನಿನ್ನೆ ನಮ್ಮವರಿಗೆ ಎಲ್ಲ ಹೇಳಿದೆ. ರೈಫಲ್ ಒರೆಸುತ್ತಿದ್ದ ಕೈ ನಿಂತಿತು. “ಈಗ್ಯಾಕೆ ಅದೆಲ್ಲ? ಅಣ್ಣಯ್ಯ ಮರ್ತಿರ್ತಾರೆ,” ಎಂದರು.

ನೀವು ಮರೆತಿಲ್ಲ. ನನಗೆ ಗೊತ್ತು.

ಈ ಭಾನುವಾರ ಬೇಟೆಗೆ ಹೊರಡುವ ಮುನ್ನ ಎಲ್ಲರೂ ನಮ್ಮ ಅಂಗಳದಲ್ಲಿ ಸೇರುತ್ತಾರೆ. ನೀವೂ ಬನ್ನಿ, ಭಾವ. ಅವರೆಲ್ಲರ ಎದುರಿಗೇ ಹೇಳುತ್ತೇನೆ. ತೋರಿಸಲು ನನ್ನ ಕೈಯಲ್ಲಿ ಏನೂ ಇಲ್ಲ. ನಂಬದೆ ನಗಬಹುದು. ನಗಲಿ — ಈ ಸಲ ನನ್ನನ್ನು ನೋಡಿ ನಗಲಿ.